ನಿಮ್ಮಜ್ಜ ಉಮೇದುವಾರರಾದ ಕಾರಣ

ನಿಮ್ಮಜ್ಜ ನಿಜಾಮರ ಕಾಲದಲ್ಲೇ ಓಟಿಗೆ ನಿಂತಿದ್ದರು ಎಂದು ನೀವು ಗೆಳೆಯರ ಮುಂದೆ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಊರ ಸೇವೆಗಾಗಿ ನಿಂತರು, ಧಣಿಗಳ ಜೋರು ಮುರಿಯಲು ನಿಂತರು ಎನ್ನುತ್ತೀರಿ. ಅದು ಸುಳ್ಳು ಎಂದು ಹೇಳಲು ಬರುವುದಿಲ್ಲ, ನಿಜವೂ ಅಲ್ಲ. ನಾಲ್ಕು ಜನರ ನಡುವೆ ಬಾಯಿ ತೆರೆದು ಮಾತಾಡಿದವಳಲ್ಲ ನಾನು. ಗಾಂವಠಿ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಿಂದ ಬರೆಯುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಉಳಿದವರ ಮಕ್ಕಳು ಮೊಮ್ಮಕ್ಕಳು ಅದೇ ಊರಲ್ಲಿ ಬಾಳುತ್ತಿದ್ದಾರೆ.

ಅವರು ನಿಂತದ್ದು ಒಂದು ಬಾವಿಯ ಮೆಟ್ಟಿಲು ಮುಚ್ಚಿಸಲು.

ನನ್ನ ತವರು ಜವಳಗೇರಾದಲ್ಲಿ ಈಗ ಕಣ್ಣು ಹಾಯುವತನಕ ಭತ್ತ ಕಾಣುತ್ತದೆ. ಆಗ ಕಾಲುವೆ ಇರಲಿಲ್ಲ. ಸಿಂಧನೂರಿನಿಂದ ಮಸ್ಕಿಯತನಕ ಎರೆಹೊಲ, ಜೋಳ, ಹತ್ತಿ. ಬೇಸಿಗೆಯಲ್ಲಿ ಹೆಂಗಸರ ಬಾಯಲ್ಲಿ ನೀರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನನ್ನನ್ನು ಕೊಟ್ಟದ್ದು ಮಸ್ಕಿಯಿಂದ ಎರಡು ಹರದಾರಿ ದೂರದ, ಲಿಂಗಸುಗೂರು ದಾರಿಯ ಒಂದು ಊರಿಗೆ. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಿಮ್ಮಜ್ಜ ಮತ್ತು ಅವರ ತಂಗಿ. ಆ ನಾದಿನಿ ಹೆಚ್ಚುಕಡಿಮೆ ನನ್ನ ಓರಗೆಯವಳು. ಸಣ್ಣವಳಿದ್ದಾಗಲೇ ಸಿಂಧನೂರು ಕಡೆಯ ಒಂದು ಮನೆಗೆ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ.

ಊರಿಗೆ ಒಂದೇ ಸಿಹಿನೀರಿನ ಬಾವಿ. ಊರಿನ ದೊಡ್ಡಮನೆಯಾದ ವಾಡೆಯ ಧಣಿಯ ಅಜ್ಜ ಕಟ್ಟಿಸಿದ್ದು. ಕಲ್ಲಿನ ಮೆಟ್ಟಿಲು ಇಳಿದು ನೀರಿನಲ್ಲಿ ಕಾಲಿಟ್ಟು, ಕೊಡದ ತಳದಿಂದ ಮೇಲಿನ ಪಾಚಿ ಸರಿಸಿ ತುಂಬಿಕೊಳ್ಳಬೇಕು. ಆ ಬಾವಿಗೆ ಯಾರು ಇಳಿಯಬೇಕು, ಯಾರು ಇಳಿಯಬಾರದು ಎಂಬುದರಲ್ಲಿ ನಮ್ಮ ಊರು ಬಹಳ ಬಿಗಿ. ಕೇರಿಯವರಿಗೆ ಅದರ ದಂಡೆಯೂ ಸಲ್ಲುತ್ತಿರಲಿಲ್ಲ. ಅವರು ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ಗೋರಿ ಗೋರಿ ಕೊಡ ತುಂಬುತ್ತಿದ್ದರು.

ಬಾವಿಯ ಕೊನೆಯ ಮೆಟ್ಟಿಲಿನ ಎಡಕ್ಕೆ, ನೀರಿಗೆ ತಾಗಿದಂತೆ ಒಂದು ಚಪ್ಪಟೆ ಕಲ್ಲಿತ್ತು. ಅದಕ್ಕೆ ನಾರಿನ ಕಲ್ಲು ಎನ್ನುತ್ತಿದ್ದರು. ನೀವು ನಾರುಹುಣ್ಣು ನೋಡಿಲ್ಲ. ಬೇಸಿಗೆಯಲ್ಲಿ ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತದೆ. ಕೆಂಡ ಇಟ್ಟಂತೆ ಉರಿದು ಅದು ಒಡೆಯುತ್ತದೆ. ಒಳಗಿನಿಂದ ಒದ್ದೆ ನೂಲಿನಂಥ ಬಿಳಿ ಹುಳು ತಲೆ ಹಾಕುತ್ತದೆ. ಜೋಳದ ದಂಟಿನ ಸಿಬಿರಿಗೆ ಅದನ್ನು ಸುತ್ತಿ, ದಿನಕ್ಕೆ ಎರಡು ಬೆರಳು ಮೂರು ಬೆರಳು ಎಂದು ಹೊರಕ್ಕೆ ತೆಗೆಯಬೇಕು. ಪೂರಾ ಬರಲು ತಿಂಗಳು ಹಿಡಿಯುತ್ತದೆ. ಅವಸರ ಮಾಡಿದರೆ ಕಡಿಯುತ್ತದೆ. ಕಡಿದ ಹುಳು ಒಳಗೆ ಸರಿದು ಕಾಲು ಬಾಯುತ್ತದೆ. ಆ ಉರಿ ಆರುವುದು ನೀರಿನಲ್ಲಿ ಕಾಲಿಟ್ಟಾಗ ಮಾತ್ರ. ಅದಕ್ಕೇ ನಾರು ಎದ್ದವರು ಆ ಕಲ್ಲಿನ ಮೇಲೆ ಕೂತು ಕಾಲನ್ನು ಬಾವಿಯೊಳಗೆ ಇಳಿಬಿಡುತ್ತಿದ್ದರು. ನೀರಿಗೆ ಬಂದ ಹೆಂಗಸರು, "ಪಾಪ, ತಂಪಾಗ್ಲಿ" ಎಂದು ಅವರಿಗೆ ಜಾಗ ಬಿಟ್ಟು ಪಕ್ಕದಲ್ಲಿ ಕೊಡ ಮುಳುಗಿಸುತ್ತಿದ್ದರು. ಬಾಕಿ ಎಲ್ಲದಕ್ಕೂ ಜಗಳವಾಡುವ ನಮ್ಮ ಊರಲ್ಲಿ ಆ ಕಲ್ಲಿಗಾಗಿ ಜಗಳ ಆದದ್ದನ್ನು ನಾನು ಕಾಣೆ. ನಮಗೆ ಅದು ದಯೆ.

ನಾನು ಆ ಮನೆಗೆ ಬಂದ ಎರಡನೆಯ ಬೇಸಿಗೆಯಲ್ಲಿ ನಿಮ್ಮಜ್ಜನ ಹಿಮ್ಮಡಿಯ ಮೇಲೆ ನಾರು ಎದ್ದಿತು. ಹತ್ತು ಹದಿನೈದು ದಿನ ಬೆಳಗಾದರೆ ಅವರು ಆ ಕಲ್ಲಿನ ಮೇಲೆ. ಒಂದು ದಿನ ನಾನು ನಾದಿನಿ ಕೂಡಿ ನೀರಿಗೆ ಹೋದೆವು. ನಾನು ಸೆರಗು ಎಳೆದುಕೊಂಡು ಮೇಲಿನ ಮೆಟ್ಟಿಲಲ್ಲೇ ನಿಂತೆ. ಅವಳು ಸರಸರ ಇಳಿದಳು.

"ಏ ಅಣ್ಣಾ, ಬಾವಿ ಗಂಗವ್ವ ನಿನ್ನ ಕಾಲು ಬಿಡವಲ್ಲಳೇನ? ವೈನಿ ಮ್ಯಾಲ ನಿಂತು ನೋಡಾಕತ್ತಾಳ. ಸವತಿ ತಂದೀ ಅಂತಾಳ ನೋಡು."

"ನಡಿಯಲೇ ಕತ್ತಿ, ನೀರು ತುಂಬ್ಕೊಂಡು ನಡಿ," ಎಂದು ಅವರು ಕೈಯಿಂದ ಅವಳ ಮೇಲೆ ನೀರು ಚಿಮ್ಮಿಸಿದರು.

ಅವಳು ಅವರ ಕಾಲಿನ ಪಕ್ಕದಲ್ಲೇ ಬೊಗಸೆ ಅದ್ದಿ, ಕಣ್ಣಿಗೆ ಒತ್ತಿಕೊಂಡು, "ಅಣ್ಣನ ಪಾದೋದಕ. ಪುಣ್ಯ ಬರ್ಲಿ," ಎಂದು ಗಟಗಟ ಕುಡಿದಳು. ಸುತ್ತಲಿನ ಹೆಂಗಸರೆಲ್ಲ ನಕ್ಕರು. ನಾನೂ ಸೆರಗಿನೊಳಗೆ ನಕ್ಕೆ.

ಮರುವರ್ಷ ಅದೇ ಹೊತ್ತಿಗೆ ಅವಳ ಕಾಲಿನಲ್ಲಿ ನಾರು ಎದ್ದಿತು. ಅವಳಿಗಷ್ಟೇ ಅಲ್ಲ, ಆ ವರ್ಷ ಊರಲ್ಲಿ ಮನೆಗೊಬ್ಬರು ಮಲಗಿದ್ದರು. ಅದೇ ನೀರು ಕುಡಿದ ನನಗೆ ಏಳಲಿಲ್ಲ. ಯಾಕೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಅವಳು ಅದನ್ನು ಅತ್ತೆಗೆ ಹೇಳಲಿಲ್ಲ. ಗಂಡನ ಮನೆಯವರು ಕರೆದೊಯ್ಯಲು ಬರುವ ದಿನ ಗೊತ್ತಾಗಿತ್ತು. "ನಾರು ಐತಂದ್ರ ಬಿಟ್ಟು ಹೋಗ್ತಾರ ವೈನಿ, ಮುಂದಿನ ವರ್ಷ ನೋಡೂಣು ಅಂತಾರ. ಇಷ್ಟು ದಿನ ಕುಂತಿದ್ದು ಸಾಕಾಗಿಲ್ಲೇನು?" ಎಂದಳು. ಗಂಡನನ್ನು ಅವಳು ಎರಡೇ ಸಲ ನೋಡಿದ್ದಳು. ಆದರೂ ಅವನ ನಡಿಗೆ ಹೇಗೆ, ಮೂಗು ಹೇಗೆ ಎಂದು ದಿನಾ ನನಗೆ ಹೇಳುತ್ತಿದ್ದಳು. ಸೀರೆಯನ್ನು ಉದ್ದ ಬಿಟ್ಟು ಉಡುತ್ತಿದ್ದಳು. ಅತ್ತೆ ಹೊಲಕ್ಕೆ ಹೋದ ಮೇಲೆ ಜೋಳದ ಕಣಜದ ಹಿಂದೆ ಕೂತು ನಾನು ಅವಳ ನಾರನ್ನು ಸಿಬಿರಿಗೆ ಸುತ್ತುತ್ತಿದ್ದೆ. ಒಂದು ಗೇಣಿನಷ್ಟು ಬಂದಿತ್ತು.

ಕರೆಯಲು ಬಂದವರು ಕಟ್ಟೆಯ ಮೇಲೆ ಕೂತಿದ್ದಾಗ ಅತ್ತೆ ಪೆಟ್ಟಿಗೆಯಿಂದ ಬೆಳ್ಳಿಯ ಕಾಲ್ಗಡಗ ತೆಗೆದರು. ಗಂಡನ ಮನೆಗೆ ಹೋಗುವ ಹುಡುಗಿಗೆ ಕಡಗ ಹಾಕುವುದು ಅಣ್ಣನ ಹೆಂಡತಿ. ಅದು ಆ ಮನೆಯ ಪದ್ಧತಿ. "ಹಾಕಬೇ, ಹೊತ್ತಾಕ್ಕತಿ," ಎಂದು ನನ್ನ ಕೈಗೆ ಕೊಟ್ಟರು. ನಾನು ಅವಳ ಮುಖ ನೋಡಿದೆ. ಅವಳು ತುಟಿ ಕಚ್ಚಿ, ಹಾಕು ಎಂದು ಕಣ್ಣಲ್ಲೇ ಹೇಳಿದಳು. ಸೀರೆಯ ಮರೆಯಲ್ಲೇ, ನಾರಿನ ಮೇಲೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಮೆಲ್ಲಗೆ ಸರಿಸಿ ಕಡಗವನ್ನು ಹಿಮ್ಮಡಿಯಿಂದ ಮೇಲಕ್ಕೆ ಒತ್ತಿದೆ. ಬಿಗಿಯಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಇನ್ನೊಮ್ಮೆ ಜೋರಾಗಿ ಒತ್ತಿದೆ. ಸಿಬಿರು ನನ್ನ ಕೈಗೇ ಬಂತು. ಅದಕ್ಕೆ ಸುತ್ತಿದ್ದ ನಾರು ಗಾಯದ ಬಾಯಿಯಲ್ಲೇ ಕಡಿದಿತ್ತು.

ಅತ್ತೆ ಆ ಕಡೆ ತಿರುಗಿದಾಗ ಅವಳು ನನ್ನ ಕಿವಿಯಲ್ಲಿ, "ಹೋತಲ್ಲ, ಚಲೋ ಆತು. ಯಾರ ಮುಂದೂ ಅನ್ನಬ್ಯಾಡ ವೈನಿ," ಎಂದಳು. ನಕ್ಕಳು ಕೂಡ. ನಾನು ಆ ಸಿಬಿರನ್ನು ಒಲೆಯ ಬೂದಿಯಲ್ಲಿ ಹುಗಿದೆ.

ಏಳನೆಯ ದಿನಕ್ಕೆ ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ತಂದರು. ಕಾಲು ತೊಡೆಯತನಕ ಬಾತು ಕಪ್ಪಾಗಿತ್ತು. ಕಡಗ ಮಾಂಸದೊಳಗೆ ಹೂತು ಹೋಗಿತ್ತು. "ಕಡಗ ತಗೀ ವೈನಿ, ಕಡಗ ತಗೀ" ಎಂದು ನನ್ನನ್ನೇ ಕರೆಯುತ್ತಿದ್ದಳು. ತೆಗೆಯಲು ನನ್ನ ಕೈಯಿಂದ ಆಗಲಿಲ್ಲ. ಪತ್ತಾರ ಬಂದು ಅರದಿಂದ ಕೊಯ್ದು ತೆಗೆದ. ಎರಡು ದಿನ ಬಿಟ್ಟು ಬೆಳಗಿನ ಹೊತ್ತು ಜೀವ ಹೋಯಿತು.

"ನಾರು ಇದ್ದದ್ದು ನಿನಗ ಗೊತ್ತಿತ್ತೇನು?" ಎಂದು ಅತ್ತೆ ನನ್ನನ್ನು ಕೇಳಿದರು.

"ಇಲ್ಲರಿ ಅತ್ತಿ," ಎಂದೆ.

ಅದಾದ ಎರಡು ವರ್ಷದ ಮೇಲೆ ನಿಮ್ಮಜ್ಜ ಹೊಲದ ಪಟ್ಟಾ ಕಾಗದದ ಸಲುವಾಗಿ ಲಿಂಗಸುಗೂರಿಗೆ ಹೋಗಿದ್ದರು. ದಾರಿಯಲ್ಲಿ ಬೆರಳು ಎಡವಿ ರಕ್ತ ಬಂದು ದವಾಖಾನೆಗೆ ಹೊಕ್ಕರು. ಅಲ್ಲಿಯ ಡಾಕ್ಟರ್ ಸಾಹೇಬರು ಪಟ್ಟಿ ಕಟ್ಟುವಾಗ ಹಿಮ್ಮಡಿಯ ಹಳೆಯ ಕಲೆ ನೋಡಿ, ನಾರು ಎದ್ದಾಗ ಏನು ಮಾಡುತ್ತಿದ್ದೆ ಎಂದು ಉರ್ದುವಿನಲ್ಲಿ ಕೇಳಿದರಂತೆ. ಇವರು ಬಾವಿಯ ಕಲ್ಲಿನ ಮಾತು ಹೇಳಿದರು. ಸಾಹೇಬರು ಯಾವುದೋ ಹಳ್ಳಿಯ ಬಾವಿಯಿಂದ ತರಿಸಿಟ್ಟ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು ತೋರಿಸಿದರು. ಅದರಲ್ಲಿ ಧೂಳಿನ ಕಣದಂಥ ಹುಳು ಜಿಗಿಯುತ್ತಿದ್ದವು. ನಾರು ಎದ್ದ ಕಾಲನ್ನು ನೀರಲ್ಲಿ ಇಟ್ಟರೆ ಅದು ಕಾಣದಷ್ಟು ಸಣ್ಣ ಮರಿ ಬಿಡುತ್ತದೆ, ಆ ಮರಿಗಳನ್ನು ಈ ಹುಳು ತಿನ್ನುತ್ತವೆ, ಈ ಹುಳು ಬಿದ್ದ ನೀರನ್ನು ಸೋಸದೆ ಕುಡಿದವರಿಗೆ ಒಂದು ವರ್ಷಕ್ಕೆ ನಾರು ಏಳುತ್ತದೆ. ಇಷ್ಟೇ ಅವರು ಹೇಳಿದ್ದು.

ನಿಮ್ಮಜ್ಜ ಮನೆಗೆ ಬಂದು ದನದ ಕೊಟ್ಟಿಗೆಯಲ್ಲಿ ಕೂತರು. ಅತ್ತೆ ಹೊಲದಲ್ಲಿದ್ದರು. ನಾನು ನೀರು ಒಯ್ದು ಕೊಟ್ಟೆ. ತಂಬಿಗೆಯನ್ನು ಮುಟ್ಟಲಿಲ್ಲ.

"ಅಕಿ ನನ್ನ ಕಾಲು ತೊಳದ ನೀರು ಕುಡದ್ಲು. ನೀನೂ ಇದ್ದಿ," ಎಂದರು.

"ಯಾರು?" ಎಂದೆ. ಗೊತ್ತಿದ್ದೂ ಕೇಳಿದೆ. ಅವರು ಎಲ್ಲವನ್ನೂ ಹೇಳಿದರು. ಹೇಳಿ, "ನಾನ ಕೊಂದೀನಿ," ಎಂದರು.

ಆಗ ನನ್ನ ಮಾತು ಬಾಯತನಕ ಬಂದಿತ್ತು. ನಾರು ಎದ್ದವರೆಲ್ಲ ಸಾಯುವುದಿಲ್ಲ, ಕಡಿದದ್ದರಿಂದ ಸತ್ತಳು, ಕಡಿದದ್ದು ನನ್ನ ಕೈಯಲ್ಲಿ. ಇಷ್ಟು ಹೇಳಬೇಕಿತ್ತು. ಭಯವಾಯಿತು. ಮನೆಯಿಂದ ಹೊರಗೆ ಹಾಕಿಯಾರು ಎಂದಲ್ಲ. ಅವರು ನನ್ನ ಕಡೆ ನೋಡುವುದನ್ನು ಬಿಟ್ಟಾರು ಎಂದು.

ಆಮೇಲೆ ಆ ಮನೆಯಲ್ಲಿ ನಾವು ನಾಲ್ವರಿದ್ದ ಹಾಗೆಯೇ ಇತ್ತು. ನಿಮ್ಮಜ್ಜ ನೀರನ್ನು ಮಡಚಿದ ಧೋತರದಲ್ಲಿ ಸೋಸಿ, ಬಿಸಿಲಿಗೆ ಹಿಡಿದು ನೋಡಿ, ಆದರೂ ಕುಡಿಯಲು ತಡೆಯುತ್ತಿದ್ದರು. ಓಣಿಯಲ್ಲಿ ಯಾರಾದರೂ ಕುಂಟುತ್ತ ಹೋದರೆ, ಅವರಿಗೆ ನಾರು ಎದ್ದದ್ದು ಯಾವ ವರ್ಷ ಎಂದು ನೆನೆದು, "ಇದೂ ನಂದ ಇರಬೇಕು," ಎನ್ನುತ್ತಿದ್ದರು. ಹಗಲು ಹೊತ್ತು, ಅತ್ತೆ ರೊಟ್ಟಿ ಬಡಿಯುವಾಗ, ಪಡಸಾಲೆಯಲ್ಲಿ ಕಡಗದ ಸಪ್ಪಳ ಕೇಳಿದಂತೆ ಆಗುತ್ತಿತ್ತು. ನನಗೊಬ್ಬಳಿಗೇ ಕೇಳುತ್ತದೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದರು, ನಾನು ಬಡಿಸುತ್ತಿದ್ದೆ. ಇಬ್ಬರೂ ಒಮ್ಮೆಲೇ ತಲೆ ಎತ್ತಿ ಬಾಗಿಲ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ. ಅವರು ತುತ್ತು ನುಂಗಿದರು, ನಾನು ಪಲ್ಯ ಹಾಕಿದೆ. ಏನು ಕೇಳಿತು ಎಂದು ಅವರು ನನ್ನನ್ನು ಕೇಳಲಿಲ್ಲ, ನಾನೂ ಅವರನ್ನು ಕೇಳಲಿಲ್ಲ.

ಅವರು ಮೊದಲು ವಾಡೆಗೆ ಹೋದರು. ಮೆಟ್ಟಿಲು ಮುಚ್ಚಿಸಿ, ಸುತ್ತ ಕಟ್ಟೆ ಕಟ್ಟಿಸಿ, ಮೇಲಿನಿಂದ ಸೇದುವ ಗಡಗಡಿ ಹಾಕಿಸಿರಿ ಎಂದು ಧಣಿಯನ್ನು ಬೇಡಿಕೊಂಡರು. ಅಜ್ಜ ಕಟ್ಟಿಸಿದ ಮೆಟ್ಟಿಲಿಗೆ ಮೊಮ್ಮಗ ಮಣ್ಣು ಹಾಕಬೇಕೇನು ಎಂದು ಧಣಿ ನಕ್ಕರಂತೆ. ಆಮೇಲೆ ತಾಲೂಕು ಬೋರ್ಡಿಗೆ ಅರ್ಜಿ ಕೊಟ್ಟರು. ಬಾವಿ, ರಸ್ತೆ ನೋಡಿಕೊಳ್ಳುವುದು ಆ ಬೋರ್ಡು. ನಿಮ್ಮ ಕಡೆಯ ಮೆಂಬರು ಸಹಿ ಹಾಕಿದರೆ ನೋಡುತ್ತೇವೆ ಎಂದು ಉತ್ತರ ಬಂತು. ಮೆಂಬರು ಆ ಧಣಿಯೇ. ಸರ್ಕಾರ ನೇಮಿಸಿದವರು.

ಆ ಸಲ ಬೋರ್ಡಿನ ಕೆಲವು ಜಾಗಕ್ಕೆ ಪಟ್ಟಾದಾರರೇ ಮೆಂಬರನ್ನು ಆರಿಸಬೇಕು ಎಂದು ಡಂಗುರ ಹೊಡೆದರು. ಹೊಲದ ಪಟ್ಟಾ ಹೆಸರಿನಲ್ಲಿ ಇದ್ದವರಿಗಷ್ಟೇ ಓಟು. ಹೆಂಗಸರಿಗೆ, ಕೂಲಿಯವರಿಗೆ ಇಲ್ಲ. ನಮ್ಮ ಕಡೆಯಿಂದ ಧಣಿ ನಿಂತರು. ನಿಮ್ಮಜ್ಜ ಲಿಂಗಸುಗೂರಿನ ಕಚೇರಿಗೆ ಹೋಗಿ ಪೇಶ್ಕಾರರ ಮುಂದೆ ತಮ್ಮ ಹೆಸರನ್ನೂ ಉಮೇದುವಾರ ಎಂದು ಬರೆಸಿ ಬಂದರು.

ಅತ್ತೆ ಹಣೆ ಹಣೆ ಬಡಿದುಕೊಂಡರು. "ಎತ್ತಿನ ಹಗ್ಗ ಹಿಡಿಯೋ ಕೈಯಾಗ ಕುದುರಿ ಲಗಾಮು ಹಿಡೀತೀಯೇನಪಾ? ವಾಡೇದವ್ರ ಎದುರು ನಿಂತು ಈ ಊರಾಗ ಬಾಳ್ವಿ ಮಾಡ್ತೀವೇನು?"

"ಬಾವಿ ಸಲುವಾಗಿ ಎವ್ವಾ."

"ಬಾವಿಗೇನಾಗೈತಿ? ನಿಮ್ಮಪ್ಪ ಕುಡದ, ನಿಮ್ಮಜ್ಜ ಕುಡದ."

ಡಾಕ್ಟರ್ ಸಾಹೇಬರು ತೋರಿಸಿದ್ದನ್ನು ಅವರು ತಾಯಿಗೆ ಇನ್ನೂ ಹೇಳಿರಲಿಲ್ಲ. ಊರಲ್ಲಿ ನಗೆಯೋ ನಗೆ. ಕ್ಷೌರದವನು, "ಮೆಂಬರ್ ಸಾಹೇಬ್ರ, ಮೀಸಿ ಬೋರ್ಡಿಗೆ ಒಪ್ಪೂವಂಗ ತೀಡ್ಲೇನು?" ಎಂದು ಕೇಳಿದನಂತೆ.

ಒಂದು ದಿನ ವಾಡೆಯ ಕಾರಭಾರಿ ಬಂದು ಕಟ್ಟೆಯ ಮೇಲೆ ಕೂತ. "ಧಣೇರು ದೊಡ್ಡ ಮನಸು ಮಾಡ್ಯಾರ. ನೀ ಹೆಸರು ತಗಿ. ಒಂದು ಮಗ್ಗಲಿಗೆ ಗಡಗಡಿ ಹಾಕಸ್ತಾರ. ಮೆಟ್ಟಲ ಹಂಗ ಇರ್ಲಿ. ನಿನ್ನ ಮಾತೂ ಉಳೀತು, ಅವ್ರ ಅಜ್ಜನ ಹೆಸರೂ ಉಳೀತು," ಎಂದ.

ನಿಮ್ಮಜ್ಜ ಒಳಗೆ ಬಂದು ನನ್ನನ್ನು, "ಏನಂತೀ?" ಎಂದು ಕೇಳಿದರು. ಮನೆಗೆ ಬಂದಾಗಿನಿಂದ ಅವರು ಯಾವುದಕ್ಕೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ನಾನು ಬೀಸುವ ಕಲ್ಲಿನ ಗೂಟ ಹಿಡಿದುಕೊಂಡೇ, "ಮೆಟ್ಟಲ ಇದ್ರ ಇಳೀತಾರ್ರಿ," ಎಂದೆ. ಅವರು ಹೊರಗೆ ಹೋಗಿ ಆಗುವುದಿಲ್ಲ ಎಂದರು. ಕಾರಭಾರಿ ಕಟ್ಟೆಯನ್ನು ಕೊಡವಿ ಎದ್ದ.

ಆವತ್ತು ಸಂಜೆಯೇ ಅವರು ನನಗೆ, "ಚಾವಡ್ಯಾಗ ಎಲ್ಲಾ ಹೇಳಿಬಿಡ್ತೀನಿ. ಯಾಕ ನಿಂತಿ ಅಂತ ಕೇಳ್ತಾರ. ಸುಳ್ಳು ಹೇಳಿ ಓಟು ಬೇಡಿದ್ರ ಅಕಿ ನನ್ನ ಬಿಡಂಗಿಲ್ಲ," ಎಂದರು. ನನ್ನ ಪಾಲಿನದನ್ನು ಹೇಳಲು ಅದೇ ಹೊತ್ತು. ಆದರೆ ಅವರು ಎದ್ದು ನಿಂತದ್ದೇ ಆ ಭಾರದ ಬಲದ ಮೇಲೆ. ಅರ್ಧ ಭಾರ ನನ್ನದು ಎಂದು ಇಳಿಸಿದರೆ ಕೂತುಬಿಡುತ್ತಾರೆ, ಕೂತರೆ ಮೆಟ್ಟಿಲು ಹಾಗೇ ಉಳಿಯುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ಅದು ನೆವ.

ಚಾವಡಿಯಲ್ಲಿ ಊರ ಪಟ್ಟಾದಾರರೆಲ್ಲ ಕೂಡಿದ ದಿನ ನಾವು ಹೆಂಗಸರು ಎದುರು ಮನೆಯ ಮಾಳಿಗೆ ಹತ್ತಿ, ಕುಂಬಿಯ ಮರೆಗೆ ಕೂತೆವು. ಅತ್ತೆ ನನ್ನ ಪಕ್ಕದಲ್ಲಿದ್ದರು. ಮೊದಲು ಧಣಿ ಎರಡು ಮಾತಾಡಿ ಗಾದಿಗೆ ಒರಗಿದರು. ನಿಮ್ಮಜ್ಜ ನಿಂತುಕೊಂಡೇ ಹೇಳಿದರು. ಕಲ್ಲಿನ ಮೇಲೆ ಕೂತದ್ದು, ಡಾಕ್ಟರ್ ಸಾಹೇಬರು ಲೋಟದಲ್ಲಿ ತೋರಿಸಿದ್ದು, ತಂಗಿ ನೀರು ಕುಡಿದದ್ದು. "ಆ ವರ್ಷ ನಿಮ್ಮ ಮನ್ಯಾಗ ಎದ್ದ ನಾರು ನನ್ನ ಕಾಲಿಂದ ಇಳದದ್ದು. ನಾ ತಿಳಿದು ಮಾಡಲಿಲ್ಲ. ಈಗ ತಿಳದೈತಿ. ಮೆಟ್ಟಲ ಮುಚ್ಚಸ್ರಿ. ಅದಕ್ಕ ನಿಂತೀನಿ, ಬ್ಯಾರೆ ಏನೂ ಬ್ಯಾಡ ನನಗ," ಎಂದರು.

ಆಮೇಲೆ ಒಬ್ಬ ಎದ್ದ. "ಹಂಗಾದ್ರ ನನ್ನ ಹೆಂಡ್ತಿ ಕಾಲು ಕುಂಟಾಗಿದ್ದು ನಿನ್ನಿಂದ?"

"ಹೂಂ. ಇರಬೇಕು."

"ನಾರು ದೇವಿ ಕೊಟ್ಟದ್ದು. ಅದಕ್ಕ ನೀ ಯಾಂವಲೇ ಹೊಣಿ ಹೊರಾಂವ?" ಎಂದು ಒಬ್ಬ ಮುದುಕ ಗದರಿದ.

ನಿಮ್ಮಜ್ಜ ಅಲ್ಲಿಗೆ ನಿಲ್ಲಿಸಬಹುದಿತ್ತು. "ದೇವಿ ಕೊಟ್ಟಿದ್ರ ಕೇರಿಯವ್ರಿಗೆ ಯಾಕ ಏಳೋದಿಲ್ಲರಿ? ಅವ್ರದು ಉಸುಕಿನಾಗ ಸೋಸಿದ ಒರತಿ ನೀರು. ಅವ್ರ ನೀರು ನಮ್ಮದಕ್ಕಿಂತ ಚಲೋ ಐತಿ," ಎಂದುಬಿಟ್ಟರು.

"ಏನಂದಿ?" ಎಂದು ಹತ್ತು ದನಿ ಒಮ್ಮೆಲೇ ಎದ್ದವು. "ಕೇರಿ ನೀರು ಕುಡೀರಿ ಅಂತೀಯೇನು ನಮಗ?" "ಈಗ ಬಾವಿ ಮುಚ್ಚಸ್ತಾನ, ನಾಳೆ ಹಳ್ಳಕ್ಕ ಕಳಸ್ತಾನ!" ಧಣಿ ಗಾದಿಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ಮಾತಾಡುವ ಅಗತ್ಯವೇ ಬೀಳಲಿಲ್ಲ.

ನಾನು ಅತ್ತೆಯ ಕಡೆ ನೋಡಲು ಹೆದರಿದೆ. ಅವರು ಅಳಲಿಲ್ಲ. ಕುಂಬಿ ಹಿಡಿದು ಎದ್ದು ನಿಚ್ಚಣಿಕೆ ಇಳಿದು ಮನೆಗೆ ಹೋದರು. ಅಂದಿನಿಂದ ಮಗನ ಕೂಡ ಮಾತು ಬಿಟ್ಟರು. ತಾಟಿನಲ್ಲಿ ರೊಟ್ಟಿ ಇಟ್ಟು ಸರಿಸುತ್ತಿದ್ದರು, ಅಷ್ಟೆ.

ಓಟು ಮಸ್ಕಿಯಲ್ಲಿ ನಡೆಯಿತು. ಒಬ್ಬೊಬ್ಬರನ್ನೇ ಕರೆದು ಯಾರಿಗೆ ಎಂದು ಬಾಯಿಂದ ಹೇಳಿಸಿ ಬರೆದುಕೊಂಡರಂತೆ. ಧಣಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೋತದ್ದಕ್ಕೆ ಕಾರಣ ಹುಡುಕಬೇಕಿಲ್ಲ. ನಿಮ್ಮಜ್ಜ ಬಿಸಿಲಲ್ಲಿ ನಡೆದು ಬಂದು ತಲೆಯ ರುಮಾಲು ಬಿಚ್ಚುತ್ತ, "ನಮ್ಮ ಓಣಿಯವ್ರು ಸುದ್ದಾ ನನ್ನ ಮಾರಿ ನೋಡ್ಲಿಲ್ಲ," ಎಂದರು. ರುಮಾಲನ್ನು ಗೂಟಕ್ಕೆ ಹಾಕಿ, "ಒಬ್ಬ ನೋಡಿದ," ಎಂದರು. ಹೆಂಡತಿಯ ಕಾಲು ಕುಂಟಾದ ಆ ಮನುಷ್ಯ. ಅವನು ಧಣಿಯ ಎದುರೇ ನಿಮ್ಮಜ್ಜನ ಹೆಸರು ಹೇಳಿದನಂತೆ. ಯಾಕೋ ಎಂದು ಧಣಿ ಕೇಳಿದರೆ, "ಇಂವ ತಪ್ಪು ಮಾಡಿ ಹೇಳ್ಯಾನ್ರಿ. ಉಳಿದವ್ರು ಮಾಡಿ ಸುಮ್ಮನದಾರ," ಎಂದನಂತೆ.

ನಿಮ್ಮಜ್ಜನಿಗೆ ಆ ಮಾತಿನಿಂದ ಒಂದಿಷ್ಟು ಸಮಾಧಾನವಾಗಿತ್ತು. ನಾನು ಒಲೆಯ ಮುಂದೆ ಕೂತು ಹೊಗೆಗೆ ಕಣ್ಣು ಒರೆಸಿಕೊಂಡೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆ ಒಂದು ಕೊಡ ಹಿಡಿದುಕೊಂಡು ಬಾವಿಗೆ ಹೋದರು. ತುಂಬಿದ ಕೊಡ ಮನೆಗೆ ಬರಲಿಲ್ಲ. ಹೋಗಿ ನೋಡಿದರೆ ನಾರಿನ ಕಲ್ಲಿನ ಮೇಲೆ ಅವರು ಕಾಲು ಮಡಚಿ ಕೂತಿದ್ದರು. ನಾರು ಎದ್ದ ಒಬ್ಬ ಗಂಡಸು ಕೋಲೂರಿಕೊಂಡು ಇಳಿದು ಬಂದು ನಿಂತಿದ್ದ.

"ಸರಿಯಬೇ ಮುದುಕಿ, ಕಾಲು ಉರಿಯಾಕತ್ತೈತಿ."

"ಮ್ಯಾಲ ಹೋಗಿ ದಂಡಿ ದಾಟಿ ಕುಂದ್ರು. ನಾ ನೀರು ತಂದು ಹಾಕ್ತೀನಿ. ಇದರಾಗ ಕಾಲು ಇಡಬ್ಯಾಡ."

"ನಿನ್ನ ಮಗ ಸೋತಾನ. ನಿನಗ್ಯಾರು ಕೊಟ್ರು ಈ ಅಧಿಕಾರ?"

"ನಿಂತಾಂವ ಸೋತಾನ. ನಾ ಕುಂತೀನಿ. ಹ್ಯಾಂಗ ಸೋಲಸ್ತಿ, ಸೋಲ್ಸು," ಎಂದರು ಅತ್ತೆ.

ಅವನು ಬೈದ. ಬೈಯುತ್ತಲೇ ಮೇಲೆ ಹೋಗಿ ದಂಡೆಯಿಂದ ದೂರದ ಕಲ್ಲಿನ ಮೇಲೆ ಕೂತ. ಅತ್ತೆ ಕೊಡ ತುಂಬಿ, ಮೆಟ್ಟಿಲು ಹತ್ತಿ, ಅವನ ಕಾಲಿನ ಮೇಲೆ ಸಣ್ಣಗೆ ಧಾರೆ ಬಿಟ್ಟರು. ಆ ನೀರು ಎರೆಮಣ್ಣಿನಲ್ಲಿ ಇಂಗಿತು. ಹೀಗೆ ಮಳೆ ಬೀಳುವತನಕ ದಿನಾ ಕೂತರು. ವಾಡೆಯಿಂದ ಹೇಳಿ ಕಳಿಸಿದರು, ಏಳಲಿಲ್ಲ. ಮಗಳು ಸತ್ತ ಮುದುಕಿಯನ್ನು ಕೈ ಹಿಡಿದು ಎಬ್ಬಿಸಲು ಯಾರಿಗೂ ಕೈ ಬರಲಿಲ್ಲ. ಬಿಸಿಲು ಏರಿದ ಮೇಲೆ ನಾನು ಹೋಗಿ ಕೊಡ ಹೊತ್ತು ಹತ್ತಿ ಇಳಿಯುತ್ತಿದ್ದೆ. ಬರಬರುತ್ತ ಓಣಿಯ ಇಬ್ಬರು ಮೂವರು ಹೆಂಗಸರು ಕೈಗೂಡಿಸಿದರು. ಮರುವರ್ಷವೂ ಊರಲ್ಲಿ ನಾರು ಎದ್ದಿತು, ಆದರೆ ಮೊದಲಿನಂತೆ ಮನೆಗೊಬ್ಬರಿಗೆ ಅಲ್ಲ. ಮೆಟ್ಟಿಲು ಮುಚ್ಚಿ ಗಡಗಡಿ ಹಾಕಿದ್ದು ನಿಜಾಮರ ಆಳಿಕೆ ಹೋದ ಎಷ್ಟೋ ದಿನದ ಮೇಲೆ. ಅದಕ್ಕೆ ಯಾರನ್ನೂ ಓಟು ಕೇಳಲಿಲ್ಲ.

ಆ ಮೊದಲ ಬೇಸಿಗೆಯಲ್ಲೇ ಒಂದು ದಿನ ನಾನು ರೊಟ್ಟಿ ಒಯ್ದಾಗ ಅತ್ತೆ ಕಲ್ಲನ್ನು ಅಂಗೈಯಿಂದ ಸವರಿ ಹೇಳಿದರು. "ನಾನೂ ಕುಂತೀನಿ ಇದರ ಮ್ಯಾಲ. ಅಕಿ ಹೊಟ್ಟ್ಯಾಗ ಇದ್ದಾಗ. ನಿಮ್ಮ ಮಾವ ಕುಂತಾರ. ವಾಡೇ ಧಣಿ ಸಣ್ಣಾಂವ ಇದ್ದಾಗ ಕುಂತಾನ. ಯಾರ ನಾರು ಯಾರಿಗೆ ಹೋತು, ಯಾರಿಗೆ ಗೊತ್ತು? ಅಂವ ಒಬ್ಬನ ಎಲ್ಲಾ ಹೊತ್ಕೊಂಡಾನ. ಹೇಳು ಅವಗ."

ಮಗನಿಗೆ ತಾವೇ ಹೇಳಲು ಅವರಿಗೂ ಬಾಯಿ ಬರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಹಾಗೆಯೇ.

ನಾನು ಬಂದು ಹೇಳಿದೆ. ಅವರು ಹಗ್ಗ ಹೊಸೆಯುತ್ತಿದ್ದರು, ಕೈ ನಿಂತಿತು. "ಆತು. ನಂದ ಅಲ್ಲ, ಯಾರದೋ ಅನ್ನು. ನಾ ಆ ವರ್ಷ ಅಲ್ಲಿ ಕುಂದ್ರದಿದ್ರ ಅಕಿ ಉಳೀತಿದ್ಲೇನು?" ಎಂದು ಕೇಳಿದರು. ನನ್ನನ್ನೇ ಕೇಳಿದರು. ನನ್ನ ಮುಖ ನೋಡುತ್ತ ಕೇಳಿದರು.

ನಾರು ಎದ್ದರೂ ಅವಳು ಉಳಿಯುತ್ತಿದ್ದಳು. ಊರಲ್ಲಿ ಎಷ್ಟು ಜನ ಉಳಿದಿರಲಿಲ್ಲ? ಅವರೇ ಉಳಿದಿರಲಿಲ್ಲವೇ? ಓಟು ಮುಗಿದಿತ್ತು, ಸೋಲು ಆಗಿಹೋಗಿತ್ತು. ಕೂತುಬಿಡುತ್ತಾರೆ ಎಂಬ ನೆವವೂ ನನಗೆ ಉಳಿದಿರಲಿಲ್ಲ.

"ಗೊತ್ತಿಲ್ಲರಿ," ಎಂದೆ.

ಅವರು ಹೂಂ ಎಂದು ಮತ್ತೆ ಹಗ್ಗ ಹೊಸೆಯತೊಡಗಿದರು. ಆಮೇಲೆ ಬಹಳ ವರ್ಷ ಬದುಕಿದರು, ನಿಮ್ಮನ್ನೆಲ್ಲ ಎತ್ತಿ ಆಡಿಸಿದರು. ಅದನ್ನು ಮಾತ್ರ ಇನ್ನೊಮ್ಮೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ಹೇಳುತ್ತಿದ್ದೆನೇನೋ.